ಮಾಡಿದವರು ಮತ್ತು ಮಾಡಿಸಿದವರು: ಪ್ರತಿಮಾ ನಿರ್ಮಾಣದ ಪುರಾತತ್ತ್ವವನ್ನು ಕುರಿತು ಒಂದು ದೈವಶಾಸ್ತ್ರೀಯ ವಿಮರ್ಶೆ

'ಮಾಡಿದ' ಎಂಬುದಕ್ಕೂ 'ಮಾಡಿಸಿದ' ಎಂಬುದಕ್ಕೂ ನಡುವೆ ಕನ್ನಡದಲ್ಲಿರುವುದು 'ಇಸು' ಎಂಬ ಒಂದು ಪ್ರತ್ಯಯ ಮಾತ್ರ. ನಮ್ಮ ನಾಡಿನ ಶಾಸನಗಳ ಬಹುಪಾಲು ಈ ಪುಟ್ಟ ಪ್ರತ್ಯಯದ ಮೇಲೆ ನಿಂತಿದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬದಿಯ ಬರಹಗಳು 58 ಅಡಿ ಎತ್ತರದ ಆ ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದನೆಂದು ಕನ್ನಡದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ ಸಾರುತ್ತವೆ. ಮೂರು ಭಾಷೆಗಳಲ್ಲೂ ಕ್ರಿಯಾಪದ ಪ್ರೇರಣಾರ್ಥಕವೇ. ಬಂಡೆಯ ತುದಿಯಲ್ಲಿ ನಿಂತು ಆ ಮುಖಕ್ಕೆ ಅರಳುವ ನಗೆಯನ್ನು ತಂದ ಕೈ ಯಾರದೆಂದು ಮೂರರಲ್ಲಿ ಒಂದೂ ಹೇಳುವುದಿಲ್ಲ.

ಈ ಲೇಖನದಲ್ಲಿ ನಾವು ಚರ್ಚಿಸಲು ಹೊರಟಿರುವುದು ಆ ಕೈಯನ್ನು ಹುಡುಕುವ ವಿದ್ಯೆಯನ್ನು. ಪ್ರಾಚೀನ ಪ್ರತಿಮೆ, ಚಿತ್ರ, ಕೆತ್ತನೆಗಳು ಏನನ್ನು ತೋರಿಸುತ್ತವೆ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಅವು ಹೇಗೆ ಆದವು ಎಂದು ಪುರಾತತ್ತ್ವಜ್ಞರು ಕೇಳತೊಡಗಿ ದಶಕಗಳೇ ಕಳೆದಿವೆ. ಗುರುಮಠಗಳಲ್ಲಿ ಪ್ರತಿಮೆಗಳ ದೈವಶಾಸ್ತ್ರವನ್ನು ಬೋಧಿಸುವ ನಾವು ಆ ಪ್ರಶ್ನೆಯನ್ನು ಇನ್ನೂ ನಮ್ಮದಾಗಿಸಿಕೊಂಡಿಲ್ಲ. ಇದು ಕೇವಲ ತಿಳಿವಳಿಕೆಯ ಕೊರತೆಯಲ್ಲ, ನಮ್ಮ ಬೋಧನೆಯೊಳಗಿನ ಒಂದು ದೋಷ ಎಂಬುದು ನಮ್ಮ ವಾದ.

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯಲ್ಲಿ ನೆಲೆ ಮಾಡಿಕೊಂಡರೆ ಈ ವಿದ್ಯೆಗೆ ಬೇಕಾದ ಪಠ್ಯವೆಲ್ಲ ಸುತ್ತಲೇ ಹರಡಿಕೊಂಡಿದೆ. ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿ, ಸಿಂಧಘಟ್ಟ, ಅಘಲಯ ಇವೆಲ್ಲ ಅದೇ ತಾಲ್ಲೂಕಿನ ಊರುಗಳು. ಪಕ್ಕದ ನಾಗಮಂಗಲ ತಾಲ್ಲೂಕಿನಲ್ಲಿ ಕಂಬದಹಳ್ಳಿಯ ಜೈನ ಬಸದಿಗಳು, ನಾಗಮಂಗಲದಲ್ಲಿ ಲೋಹದ ಮೂರ್ತಿ ಎರೆಯುವವರ ಹಳೆಯ ಪರಂಪರೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಹೋಗುವವರು ಹೆಚ್ಚಿದ್ದಾರೆ. ನಾವು ವಿದ್ಯಾರ್ಥಿಗಳಿಗೆ ಹೇಳುವುದು ಮೊದಲು ಕಿಕ್ಕೇರಿಗೆ ಹೋಗಿ ಎಂದು. ಜನಸಂದಣಿ ಇಲ್ಲದ ಗುಡಿಯಲ್ಲಿ ಕಲ್ಲಿನ ಹತ್ತಿರ ಮುಖ ಒಯ್ದು ನೋಡಲು ಸಾಧ್ಯ. ಅಲ್ಲಿಯ ಬ್ರಹ್ಮೇಶ್ವರ ಗುಡಿ 1171ರದು, ಒಂದನೆಯ ನರಸಿಂಹನ ಕಾಲದ್ದು. ಕಟ್ಟಿಸಿದವಳು ಬಮ್ಮವೆ ನಾಯಕಿತಿ ಎಂಬ ಸ್ತ್ರೀ. ಎಂಟು ನೂರೈವತ್ತು ವರ್ಷಗಳ ನಂತರವೂ ಆಕೆಯ ಹೆಸರು ಉಳಿದಿರುವುದು ಸಂತೋಷದ ಸಂಗತಿಯೇ. ಆದರೆ ಉಳಿದದ್ದು ಮತ್ತೆ ಆ 'ಇಸು' ಪ್ರತ್ಯಯದ ಕೃಪೆಯಿಂದ.

ಹಾಗಾದರೆ ಮಾಡಿದವರನ್ನು ಕಾಣುವುದು ಹೇಗೆ? ಪುರಾತತ್ತ್ವಜ್ಞರ ಉತ್ತರ ಸರಳ: ಮಾಡುವಿಕೆ ತನ್ನ ಗುರುತನ್ನು ವಸ್ತುವಿನಲ್ಲೇ ಬಿಟ್ಟಿರುತ್ತದೆ. ಫ್ರಾನ್ಸಿನ ಆಂದ್ರೆ ಲೆರ್ವಾ-ಗುರ್ಹಾನ್ 1964-65ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ, ಒಂದು ವಸ್ತು ಆಗುವವರೆಗೆ ನಡೆಯುವ ಕ್ರಿಯೆಗಳು ಒಂದರ ಹಿಂದೊಂದು ಕೊಂಡಿಯಂತೆ ಕೂಡಿರುತ್ತವೆ ಎಂದು ವಿವರಿಸಿದನು. ಇದನ್ನು ನಾವು ಕ್ರಿಯಾಸರಪಳಿ ಎನ್ನೋಣ. ಕಲ್ಲನ್ನು ಆರಿಸುವುದು, ಬೆಣೆ ಹೊಡೆದು ಬಿಡಿಸುವುದು, ಸಾಗಿಸುವುದು, ಒರಟಾಗಿ ಕಡಿಯುವುದು, ಗೆರೆ ಹಾಕುವುದು, ಸಣ್ಣ ಉಳಿಯಿಂದ ಬಿಡಿಸುವುದು, ಉಜ್ಜಿ ನಯ ಮಾಡುವುದು, ಕೂರಿಸುವುದು. ಪ್ರತಿಯೊಂದು ಕೊಂಡಿಯಲ್ಲೂ ಯಾರೋ ಒಬ್ಬರು ಹೀಗಲ್ಲ, ಹಾಗೆ ಎಂದು ನಿರ್ಧರಿಸಿರುತ್ತಾರೆ. ಲೆರ್ವಾ-ಗುರ್ಹಾನನ ಗುರು ಮಾರ್ಸೆಲ್ ಮೋಸ್ ಇದಕ್ಕೂ ಮೊದಲೇ, ನಡೆಯುವುದು, ಈಜುವುದು, ಕೂರುವುದು ಕೂಡ ಕಲಿತ ವಿದ್ಯೆಗಳೇ ಎಂದು ತೋರಿಸಿಕೊಟ್ಟಿದ್ದನು. ಶರೀರ ಸುಮ್ಮನೆ ಕೆಲಸ ಮಾಡುವುದಿಲ್ಲ, ಅದಕ್ಕೆ ಸಂಪ್ರದಾಯವಿದೆ. ಸಂಸ್ಕಾರಗಳ ದೈವಶಾಸ್ತ್ರ ಓದಿದವರಿಗೆ ಈ ಮಾತು ಅಪರಿಚಿತವೆನಿಸಬಾರದು.

ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಮುಂದೆ ಈ ಸರಪಳಿಯನ್ನು ಹಿಂದುಮುಂದಾಗಿ ಓದಬಹುದು. ಗುಡಿ ಸುಮಾರು 1250ರದು, ವೀರ ಸೋಮೇಶ್ವರನ ಕಾಲದ ತ್ರಿಕೂಟ. ಕಲ್ಲು ಬಳಪದ ಕಲ್ಲು. ನೆಲದಿಂದ ಬಿಡಿಸಿದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಸ್ವಭಾವ ಅದಕ್ಕಿದೆ. ಹೊಯ್ಸಳ ಶಿಲ್ಪದ ಆಭರಣಗಳ ಸೂಕ್ಷ್ಮತೆಯನ್ನು ಕಂಡು ಭಕ್ತಿಯ ಪರಾಕಾಷ್ಠೆ ಎಂದು ಹೊಗಳುವವರು ಈ ಕಲ್ಲಿನ ಸ್ವಭಾವವನ್ನು ಮರೆಯುತ್ತಾರೆ. ಕಣಶಿಲೆಯಲ್ಲಿ ಆ ಸರ, ಆ ಬಳೆ, ಆ ಎಲೆಯ ನರ ಮೂಡುತ್ತಿರಲಿಲ್ಲ. ಹಾಗೆಂದು ಕಲ್ಲೇ ಎಲ್ಲವನ್ನೂ ಮಾಡಿತೆಂದೂ ಅಲ್ಲ. ಮೆತ್ತನೆಯ ಕಲ್ಲು ಬಹಳ ಜನಕ್ಕೆ ಸಿಕ್ಕಿತ್ತು. ಅದರ ಒಳಗಿನ ಅವಕಾಶವನ್ನು ಅರಿತವರು ಕೆಲವರು. ಗುಡಿಯ ಒಳಗಿನ ಕಂಬಗಳಿಗೆ ಬಂದರೆ ಇನ್ನೊಂದು ಸಂಗತಿ. ಅವು ತಿರುಗಣೆಯಲ್ಲಿ ಕಡೆದ ಕಂಬಗಳು. ಅವುಗಳ ಸುತ್ತ ಹಾಯುವ ಸಣ್ಣ ಅಡ್ಡಗೆರೆಗಳೇ ಅದಕ್ಕೆ ಸಾಕ್ಷಿ. ಅಷ್ಟು ತೂಕದ ಕಲ್ಲನ್ನು ತಿರುಗಿಸಲು ಒಬ್ಬನ ಕೈ ಸಾಲದು. ಉಳಿ ಹಿಡಿದವನೊಬ್ಬ ಇದ್ದರೆ ತಿರುಗಿಸಿದವರು ಹಲವರು. ಅವರ ಹೆಸರನ್ನು ಯಾವ ಪುರಾತತ್ತ್ವವೂ ತರಲಾರದು. ಅವರು ಅಲ್ಲಿದ್ದರು ಎಂಬುದನ್ನು ಮಾತ್ರ ತರಬಲ್ಲದು. ಅಷ್ಟಾದರೂ ತಂದಿತಲ್ಲ.

ಕೆತ್ತನೆ ಮುಗಿದ ಶಿಲ್ಪಕ್ಕಿಂತ ಮುಗಿಯದ ಶಿಲ್ಪ ಈ ವಿದ್ವಾಂಸರಿಗೆ ಪ್ರಿಯ. ಹಳೇಬೀಡಿನಲ್ಲಿ ಆನೆ, ಕುದುರೆ, ಬಳ್ಳಿಗಳ ಪಟ್ಟಿಕೆಗಳ ನಡುನಡುವೆ ಕೆತ್ತದೆ ಬಿಟ್ಟ ಭಾಗಗಳು ಕಣ್ಣಿಗೆ ಬೀಳುತ್ತವೆ. ಗೋಡೆಗೆ ಕೂರಿಸಿದ ಮೇಲೂ ಕೆಲಸ ನಡೆಯುತ್ತಿತ್ತೆಂದು ಊಹಿಸಲು ಅವು ಆಧಾರ. ಆದರೆ ಅಲ್ಲಿ ಎಚ್ಚರವೂ ಬೇಕು: ಹೊಯ್ಸಳರ ಕಾಲದಲ್ಲೇ ಬಿಟ್ಟ ಕಲ್ಲು ಯಾವುದು, ನಂತರ ದುರಸ್ತಿಯಲ್ಲಿ ತಂದಿಟ್ಟ ಕಲ್ಲು ಯಾವುದು ಎಂದು ಬೇರ್ಪಡಿಸದೆ ತೀರ್ಮಾನಕ್ಕೆ ಬರುವವರು ಬಹಳ. ಮುಗಿಯದ ಕೆಲಸವನ್ನು ಸೋಲೆಂದು ಓದುವ ನಮ್ಮ ಅಭ್ಯಾಸವನ್ನು ಮಾತ್ರ ಈ ಕಲ್ಲುಗಳು ಮುರಿಯುತ್ತವೆ. ನಯಗೊಳಿಸಿದ ಮೇಲ್ಮೈಯಲ್ಲಿ ಉಳಿಯ ಗುರುತು ಅಳಿಸಿಹೋಗಿರುತ್ತದೆ; ಮುಗಿಯದ ಮೂರ್ತಿಯಲ್ಲಿ ಶಿಲ್ಪಿ ಇನ್ನೂ ನಿಂತಿರುತ್ತಾನೆ.

ಇನ್ನು ಸಹಿಗಳ ವಿಚಾರ. ಭಾರತೀಯ ಕಲೆಯೆಲ್ಲ ಅನಾಮಿಕ, ಶಿಲ್ಪಿ ತನ್ನನ್ನು ದೇವರಲ್ಲಿ ಅಳಿಸಿಕೊಂಡ ಯೋಗಿ ಎಂಬ ಮಾತನ್ನು ನಮ್ಮ ಸಂಸ್ಕೃತ್ಯನುಕರಣದ ಬರಹಗಳಲ್ಲಿ ಎಷ್ಟು ಸಲ ಓದಿದ್ದೇವೆಯೋ ಲೆಕ್ಕವಿಲ್ಲ. ಕರ್ನಾಟಕದ ಮಟ್ಟಿಗೆ ಇದು ಸುಳ್ಳು. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯ ಶಾಸನದಲ್ಲಿ ವಾಸ್ತುಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರಿದೆ, ಅವನಿಗೆ ಸಂದ ತ್ರಿಭುವನಾಚಾರಿ ಎಂಬ ಬಿರುದಿದೆ. ಹೊಯ್ಸಳರ ಕಾಲಕ್ಕೆ ಬಂದರೆ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರದಲ್ಲಿ ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ, ಬಾಲೆಯ. ನಮ್ಮ ಗೋವಿಂದನಹಳ್ಳಿಯ ಪಂಚಲಿಂಗೇಶ್ವರದಲ್ಲೂ ರೂವಾರಿ ಮಲ್ಲಿತಮ್ಮನ ಹೆಸರು ದೊರೆತಿದೆ. 'ರೂವಾರಿ' ಎಂಬ ಮಾತೇ ರೂಪ ಮಾಡುವವನೆಂದು ಸಾರುತ್ತದೆ. ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದಾಗ ಇಂಥ ಸಹಿಗಳನ್ನು ಆಸಕ್ತಿಯಿಂದ ದಾಖಲಿಸಿದರು. ಕೆಲ್ಲಸನ್ ಕೋಲಿಯರ್ 1990ರಲ್ಲಿ ಹೊಯ್ಸಳ ಶಿಲ್ಪಿಗಳನ್ನೇ ಕುರಿತು ಒಂದು ಪುಸ್ತಕ ಬರೆದರು. ಷ. ಶೆಟ್ಟರ್ ಅವರು ಹೊಯ್ಸಳ ದೇವಾಲಯಗಳ ಅಧ್ಯಯನದಲ್ಲಿ ರೂವಾರಿಗಳನ್ನು ಮುನ್ನೆಲೆಗೆ ತಂದುದಲ್ಲದೆ, ಹಳಗನ್ನಡದ ಲಿಪಿಯನ್ನು ಕುರಿತ ತಮ್ಮ ದೊಡ್ಡ ಗ್ರಂಥದಲ್ಲಿ ಕಲ್ಲಿನ ಮೇಲೆ ಅಕ್ಷರ ಕೊರೆದವರನ್ನೂ ಇತಿಹಾಸದ ಒಳಗೆ ಕರೆತಂದರು. ಈ ಸಾಲಿಗೆ ನಮ್ಮ ಋಣ ದೊಡ್ಡದು.

ಆದರೂ ಸಹಿಯನ್ನು ಹಿಡಿದು ಹೋಗುವ ದಾರಿಯ ಬಗ್ಗೆ ನಮಗೆ ಎರಡು ತಕರಾರುಗಳಿವೆ. ಸಹಿ ಇರುವ ಮೂರ್ತಿಯಿಂದ ಒಬ್ಬನ ಶೈಲಿಯನ್ನು ನಿರ್ಧರಿಸಿ, ಅದೇ ಶೈಲಿಯ ಸಹಿ ಇಲ್ಲದ ಮೂರ್ತಿಗಳನ್ನು ಅವನಿಗೇ ಒಪ್ಪಿಸುವುದು ಯೂರೋಪಿನ ಚಿತ್ರಕಾರರನ್ನು ಗುರುತಿಸಲು ಬೆಳೆದುಬಂದ ಕ್ರಮ. ಅಲ್ಲಿ ಒಬ್ಬ ಮನುಷ್ಯ, ಒಂದು ಹಲಗೆ. ಇಲ್ಲಿ ಒಂದು ಮೂರ್ತಿಯ ಪ್ರಭಾವಳಿಯನ್ನು ಒಬ್ಬ, ಮುಖವನ್ನು ಇನ್ನೊಬ್ಬ ಕೆತ್ತಿರಲು ಏನು ಅಡ್ಡಿ? ಮಲ್ಲಿತಮ್ಮನ ಕೆಲಸ 1196ರ ಅಮೃತಾಪುರದಿಂದ ಆರಂಭವಾಗಿ 1258ರಲ್ಲಿ ಪ್ರತಿಷ್ಠೆಗೊಂಡ ಸೋಮನಾಥಪುರದವರೆಗೆ ಬರುತ್ತದೆ. ಅರವತ್ತೆರಡು ವರ್ಷ ಉಳಿ ಹಿಡಿದ ಒಬ್ಬ ದೀರ್ಘಾಯುಷಿಯನ್ನು ಒಪ್ಪಬಹುದು. ತಾತನ ಹೆಸರನ್ನು ಮೊಮ್ಮಗನಿಗಿಡುವ ನಾಡಿನಲ್ಲಿ ಒಂದು ಮನೆತನದ ಕೆಲಸವೆಂದೂ ಊಹಿಸಬಹುದು. ಎರಡನೆಯ ಊಹೆಯೇ ನಮಗೆ ಹೆಚ್ಚು ಸಹಜವಾಗಿ ತೋರುತ್ತದೆ.

ಎರಡನೆಯ ತಕರಾರು ಸಹಿಯ ಉದ್ದೇಶವನ್ನು ಕುರಿತದ್ದು. ಮಲ್ಲಿತಮ್ಮನ ಹೆಸರು ಕೆಲವೆಡೆ 'ಮಲ್ಲಿ' ಎಂದು, ಇನ್ನು ಕೆಲವೆಡೆ ಬರೀ 'ಮ' ಎಂದು ನಿಲ್ಲುತ್ತದೆ. ಬೇಲೂರಿನ ಶಿಲ್ಪಿಗಳಂತೆ ಎದುರಾಳಿಗಳನ್ನು ಹೀಗಳೆಯುವ ಬಿರುದುಗಳೊಡನೆ ಬರೆದುಕೊಂಡ ಹೆಸರು ಹೆಮ್ಮೆಯದೇ, ಸಂಶಯವಿಲ್ಲ. ಒಂಟಿ 'ಮ' ಹೆಮ್ಮೆಯ ಅಕ್ಷರವೋ, ಸಂಜೆ ಕೂಲಿ ಎಣಿಸುವಾಗ ಯಾವ ಕಲ್ಲು ಯಾರದೆಂದು ತಿಳಿಯಲು ಹಾಕಿದ ಗುರುತೋ? ಎರಡನ್ನೂ 'ಸಹಿ' ಎಂಬ ಒಂದೇ ಹೆಸರಿನಿಂದ ಕರೆದುಬಿಟ್ಟರೆ ಕಲಾವಿದನನ್ನು ಕಾಣುವ ಅವಸರದಲ್ಲಿ ಕೂಲಿಯವನನ್ನು ಎರಡನೆಯ ಸಲ ಕಳೆದುಕೊಳ್ಳುತ್ತೇವೆ.

ಹೆಸರಿನ ಈ ಮೋಹದಿಂದ ನಮ್ಮನ್ನು ಬಿಡಿಸುವ ತಾಣ ಬಳ್ಳಾರಿಯ ಹತ್ತಿರದ ಸಂಗನಕಲ್ಲು-ಕಪ್ಪಗಲ್ಲು. ಅಲ್ಲಿ ಹೆಸರಿಲ್ಲ, ಲಿಪಿಯೇ ಇಲ್ಲ. ನವಶಿಲಾಯುಗದ ದನಗಾಹಿಗಳು ಹಿರೇಗುಡ್ಡದ ಕಪ್ಪು ಡಾಲರೈಟ್ ಕಲ್ಲಿನಿಂದ ಕೊಡಲಿ ಮಾಡಿದರು, ಅದೇ ಕಲ್ಲಿನ ಬಂಡೆಗಳ ಮೇಲೆ ಕುಟ್ಟಿ ಕುಟ್ಟಿ ದನಗಳ, ಮನುಷ್ಯರ ಚಿತ್ರ ಮೂಡಿಸಿದರು. ಈ ಚಿತ್ರಗಳನ್ನು ಕುರಿತು 1892ರಲ್ಲಿ ಫಾಸೆಟ್ ಎಂಬವರು ಬರೆದಿದ್ದರು. ನಂತರ ನಿಕೋಲ್ ಬಾಯ್ವಿನ್, ಧಾರವಾಡದ ರವಿ ಕೋರಿಶೆಟ್ಟರ್ ಮೊದಲಾದವರ ತಂಡ ಅಲ್ಲಿ ಮತ್ತೆ ಕೆಲಸ ಮಾಡಿತು. ಬಾಯ್ವಿನ್ ತಮ್ಮ ವಿಚಾರವನ್ನು 2004ರಲ್ಲಿ ಪ್ರಕಟಿಸಿದರು. ಅವರ ಗಮನ ಸೆಳೆದದ್ದು ಚಿತ್ರಗಳಿಗಿಂತ ಬಂಡೆಗಳಲ್ಲಿದ್ದ ಕೆಲವು ಕುಳಿಗಳು. ಅಲ್ಲಿ ಕಲ್ಲಿನಿಂದ ಕುಟ್ಟಿದರೆ ಬಂಡೆ ಗಂಟೆಯಂತೆ ನಾದ ಕೊಡುತ್ತದೆ. ಚಿತ್ರ ಮೂಡಿಸುವುದೂ ಕುಟ್ಟುವುದರಿಂದಲೇ, ನಾದ ಹೊರಡುವುದೂ ಕುಟ್ಟುವುದರಿಂದಲೇ. ಹಾಗಿರುವಾಗ ಚಿತ್ರ ಎಂಬುದು ನೋಡಲೆಂದು ಮಾಡಿದ್ದೋ, ಮಾಡುವ ಕ್ರಿಯೆಯೇ ಮುಖ್ಯವಾಗಿದ್ದು ಚಿತ್ರ ಅದರ ಶೇಷವೋ ಎಂಬ ಪ್ರಶ್ನೆ ಎದ್ದಿತು. ಕೆಲವು ಚಿತ್ರಗಳು ಹತ್ತಿ ತಲುಪಲು ಕಷ್ಟವಾದ ಜಾಗಗಳಲ್ಲಿರುವುದು ಆ ಪ್ರಶ್ನೆಗೆ ಬಲ ಕೊಡುತ್ತದೆ. ಪ್ರತಿಮೆಯೆಂದರೆ ನೋಟದ ವಸ್ತುವೆಂದು ಹಿಡಿದು ಹೊರಡುವ ಎಲ್ಲ ದೈವಶಾಸ್ತ್ರಕ್ಕೂ ಇಲ್ಲಿ ಒಂದು ಸವಾಲಿದೆ. ಬಲಿಪೂಜೆಯನ್ನು 'ನೋಡಲು' ಹೋಗುತ್ತೇವೆಂದು ಹೇಳುವ ಜನಕ್ಕೆ ಅದು ಮಾಡುವ ಕ್ರಿಯೆಯೆಂದು ವಿವರಿಸಿ ಸುಸ್ತಾದ ಗುರುಗಳಿಗಾದರೂ ಈ ಬಂಡೆಗಳು ಅರ್ಥವಾಗಬೇಕು.

ಈಗ ನಮ್ಮ ಮನೆಯ ಲೆಕ್ಕ. ಪ್ರತಿಮೆಗಳ ಬಗ್ಗೆ ಧರ್ಮಸಭೆ ಆಡಿದ ಮಾತುಗಳಲ್ಲಿ ಎರಡನೆಯ ನಿಸೇಯಾ ಮಹಾಸಭೆಯದು ಹಿರಿಯದು. ಪ್ರತಿಮೆಗೆ ಸಲ್ಲಿಸುವ ಗೌರವ ಅದರ ಮೂಲರೂಪಕ್ಕೆ ಸಲ್ಲುತ್ತದೆ ಎಂದು 787ರಲ್ಲಿ ಅದು ನಿರ್ಧರಿಸಿತು; ತ್ರೆಂಟ್ ಮಹಾಸಭೆ 1563ರಲ್ಲಿ ಅದನ್ನೇ ಪುನರುಚ್ಚರಿಸಿತು. ಇದನ್ನು ಪ್ರತಿ ವರ್ಷ ಪಾಠ ಹೇಳುತ್ತೇವೆ. ಹೇಳದೆ ಬಿಡುವ ಇನ್ನೊಂದು ಮಾತು ನಿಸೇಯಾದ ಆರನೆಯ ಅಧಿವೇಶನದ ದಾಖಲೆಯಲ್ಲಿದೆ: ಚಿತ್ರಕಾರನಿಗೆ ಸೇರಿದ್ದು ಕೈಚಳಕ ಮಾತ್ರ, ಚಿತ್ರದ ಏರ್ಪಾಡು ಪವಿತ್ರ ಪಿತೃಗಳದು ಎಂಬ ಅರ್ಥದ ಮಾತು ಅದು. ಚಿತ್ರಕಾರರು ಮನಬಂದಂತೆ ಕಲ್ಪಿಸಿಕೊಂಡದ್ದು ಎಂಬ ಪ್ರತಿಮಾಭಂಜಕರ ಆರೋಪಕ್ಕೆ ಉತ್ತರವಾಗಿ ಬಂದದ್ದರಿಂದ ಅದರ ಸಂದರ್ಭವನ್ನು ಮನ್ನಿಸಬೇಕು. ಆದರೆ ಅದರ ವ್ಯಾಕರಣವನ್ನು ಗಮನಿಸಿ. ಪಿತೃಗಳು ಮಾಡಿಸಿದವರು, ಚಿತ್ರಕಾರ ಮಾಡಿದವನು; ಮಾನ ಮೊದಲನೆಯವರಿಗೆ. ದಮಾಸ್ಕಸ್ಸಿನ ಸಂತ ಯೊವಾನ್ನರು ಜಡವಸ್ತುವನ್ನು ಎಷ್ಟು ಧೈರ್ಯದಿಂದ ಸಮರ್ಥಿಸಿದರು! ದೇವರು ಶರೀರ ಧರಿಸಿದ ಮೇಲೆ ಜಡವಸ್ತುವನ್ನು ಹೀನವೆನ್ನಲಾಗದು ಎಂಬ ಅವರ ವಾದಕ್ಕೆ ಇಂದಿಗೂ ಸಾಟಿಯಿಲ್ಲ. ಮರಕ್ಕೆ, ಬಣ್ಣಕ್ಕೆ, ಲೋಹಕ್ಕೆ ಮಾನ ದೊರೆಯಿತು. ಅವುಗಳನ್ನು ಹದ ಮಾಡಿದ ಕೈಗೆ ಅಷ್ಟು ದೊರೆಯಲಿಲ್ಲ.

ಪೂರ್ವ ಧರ್ಮಸಭೆಯಲ್ಲಿ 'ಕೈಯಿಂದ ಮಾಡದ' ಪ್ರತಿಮೆಗಳಿಗೆ ಅತಿ ಹೆಚ್ಚಿನ ಭಕ್ತಿ ಸಂದುದೂ ಇದೇ ಒಲವಿನಿಂದ. ಎದೆಸ್ಸದ ಬಟ್ಟೆಯ ಮೇಲೆ ಪ್ರಭುವಿನ ಮುಖ ತಾನಾಗಿ ಮೂಡಿತೆಂಬ ನಂಬಿಕೆ ಅಂಥದ್ದು. ನಮ್ಮ ಹಳ್ಳಿಗಳಲ್ಲಿ ಉದ್ಭವಮೂರ್ತಿಗೆ ಕೆತ್ತಿದ ಮೂರ್ತಿಗಿಂತ ಹೆಚ್ಚಿನ ಮಹಿಮೆ. ಎರಡು ಪರಂಪರೆಗಳೂ ಒಂದೇ ಕಡೆಗೆ ವಾಲುತ್ತವೆ: ದೈವ ಹತ್ತಿರ ಬಂದಷ್ಟೂ ಕೈ ದೂರ ಹೋಗಬೇಕು. ಇಲ್ಲಿ ನಮ್ಮ ಶಿಲ್ಪ ಪರಂಪರೆಗೆ ನ್ಯಾಯ ಸಲ್ಲಿಸಬೇಕು. ಪ್ರತಿಷ್ಠೆಯ ಮುನ್ನ ಮೂರ್ತಿಯ ಕಣ್ಣು ತೆರೆಸುವ ವಿಧಿಯಲ್ಲಿ ಶಿಲ್ಪಿಗೆ ಒಂದು ಸ್ಥಾನವಿದೆ; ಆ ಮೇಲೆ ಅವನು ಹಿಂದೆ ಸರಿಯುತ್ತಾನೆ. ಕೈ ಮರೆಯಾಗುತ್ತದೆ, ಆದರೆ ಮರೆಯಾಗುವ ಮುನ್ನ ಅದಕ್ಕೊಂದು ಗಳಿಗೆ ಮೀಸಲಾಗಿರುತ್ತದೆ.

'ಕೈಯಿಂದ ಮಾಡಿದ' ಎಂಬುದು ಪವಿತ್ರ ಗ್ರಂಥದಲ್ಲಿ ತುಚ್ಛವಾಚಕವಲ್ಲವೇ ಎಂದು ಓದುಗರು ಕೇಳಬಹುದು. ಹೌದು. ಗ್ರೀಕ್ ಹಳೆಯ ಒಡಂಬಡಿಕೆಯಲ್ಲಿ ಆ ಪದ ವಿಗ್ರಹಗಳಿಗೆ ಮೀಸಲಾದಂತಿದೆ. ಹೊಸ ಒಡಂಬಡಿಕೆಯಲ್ಲಿ ಪ್ರಭುವಿನ ವಿಚಾರಣೆಯ ಸಂದರ್ಭದಲ್ಲಿ, ಸ್ತೆಫನನ ಮತ್ತು ಪೌಲನ ಬೋಧನೆಗಳಲ್ಲಿ, ಹಿಬ್ರಿಯರಿಗೆ ಬರೆದ ಪತ್ರದಲ್ಲಿ ದೇವರ ನಿಜವಾದ ಆಲಯವನ್ನು ಅದಕ್ಕೆ ವಿರುದ್ಧವಾಗಿ ನಿಲ್ಲಿಸಲಾಗಿದೆ. ಈ ಆಕ್ಷೇಪದ ಕೇಂದ್ರವಾದ ಯೆಶಾಯನ 44ನೆಯ ಅಧ್ಯಾಯವನ್ನೇ ತೆಗೆದುಕೊಳ್ಳೋಣ. ಪ್ರತಿಮೆ ಮಾಡುವವನ ಮೇಲಿನ ಪ್ರಸಿದ್ಧ ವಿಡಂಬನೆ ಅದು. ಕ್ರಿಯಾಸರಪಳಿಯನ್ನು ಕಲಿತ ಕಣ್ಣಿನಿಂದ ಓದಿದಾಗ ನಮಗೆ ಅಚ್ಚರಿಯಾಯಿತು. ಪ್ರವಾದಿ ಕಮ್ಮಾರನ ಕುಲುಮೆಯನ್ನು ನೋಡಿದ್ದಾನೆ, ಸುತ್ತಿಗೆಯ ಪೆಟ್ಟನ್ನು ಕೇಳಿದ್ದಾನೆ. ಆ ಕೆಲಸಗಾರನಿಗೆ ಹಸಿವಾಗುವುದನ್ನು, ನೀರಿಲ್ಲದೆ ಅವನು ಬಳಲುವುದನ್ನು ಬರೆದಿಟ್ಟಿದ್ದಾನೆ. ಬಡಗಿಯ ನೂಲು, ಗೆರೆ ಎಳೆಯುವ ಕಡ್ಡಿ, ಕೈವಾರ ಎಲ್ಲವೂ ಅವನಿಗೆ ಗೊತ್ತು. ಅಲ್ಲಿಂದ ಹಿಂದಕ್ಕೆ ನಡೆದು ಮರ ಕಡಿದುದಕ್ಕೆ, ಇನ್ನೂ ಹಿಂದೆ ಗಿಡ ನೆಟ್ಟುದಕ್ಕೆ, ಅದನ್ನು ಬೆಳೆಸಿದ ಮಳೆಗೆ ಹೋಗುತ್ತಾನೆ. ಉಳಿದ ಚಕ್ಕೆಗಳು ಏನಾದವೆಂದೂ ಹೇಳುತ್ತಾನೆ: ಚಳಿ ಕಾಯಿಸಿದರು, ರೊಟ್ಟಿ ಸುಟ್ಟರು. ತ್ಯಾಜ್ಯವನ್ನು ಬಿಡದೆ ನೋಡಬೇಕೆಂದು ಇಂದಿನ ಪುರಾತತ್ತ್ವಜ್ಞ ತನ್ನ ವಿದ್ಯಾರ್ಥಿಗೆ ಹೇಳುವ ಪಾಠವನ್ನು ಪ್ರವಾದಿ ಆಗಲೇ ಕಲಿತಿದ್ದಾನೆ.

ಅವನು ಅಷ್ಟು ವಿವರವಾಗಿ ಯಾಕೆ ನೋಡಿದನೆಂಬುದಕ್ಕೆ ಮೆಸೊಪೊಟೇಮಿಯದ ಮಣ್ಣಿನ ಹಲಗೆಗಳು ಒಂದು ಹಿನ್ನೆಲೆ ಒದಗಿಸಿವೆ. ಹೊಸ ಮೂರ್ತಿಯನ್ನು ಆಲಯಕ್ಕೆ ಒಯ್ಯುವ ಮುನ್ನ ಅಲ್ಲಿ 'ಬಾಯಿ ತೊಳೆಯುವ' ವಿಧಿ ನಡೆಯುತ್ತಿತ್ತು. ಅದರ ಒಂದು ಘಟ್ಟದಲ್ಲಿ ಮೂರ್ತಿ ಮಾಡಿದ ಕುಶಲಕರ್ಮಿಗಳ ಕೈಗಳನ್ನು ಬಟ್ಟೆಯಿಂದ ಕಟ್ಟಿ, ಮರದ ಕತ್ತಿಯಿಂದ ಕಡಿದಂತೆ ನಟಿಸಲಾಗುತ್ತಿತ್ತು. ಇದನ್ನು ಮಾಡಿದವನು ನಾನಲ್ಲ, ನನ್ನ ಕಸುಬಿನ ದೇವರು ಎಂಬ ಅರ್ಥದಲ್ಲಿ ಅವರು ಆಣೆಯಿಡುತ್ತಿದ್ದರು. ಮೈಕೇಲ್ ಡಿಕ್ ಮೊದಲಾದ ವಿದ್ವಾಂಸರು ಈ ವಿಧಿಯನ್ನು ಪ್ರವಾದಿಗಳ ವಿಡಂಬನೆಯ ಪಕ್ಕದಲ್ಲಿಟ್ಟು ಓದಿದ್ದಾರೆ. ಸೆರೆಯಲ್ಲಿದ್ದ ಇಸ್ರಯೇಲರು ಇಂಥ ವಿಧಿಗಳ ನಾಡಿನಲ್ಲೇ ಬದುಕಿದ್ದರು.

ಇಲ್ಲಿಂದ ಮುಂದಿನ ಹೆಜ್ಜೆ ನಮ್ಮದು. ಕೈಯನ್ನು ಅಳಿಸಿದ್ದು ಬಾಬಿಲೋನಿನ ವಿಧಿ. ಪ್ರವಾದಿ ಆ ಕೈಯನ್ನು ಮತ್ತೆ ತಂದಿಟ್ಟನು, ಅದರ ಹಸಿವು ಬಳಲಿಕೆಗಳ ಸಮೇತ. ಅವನ ಕೋಪ ಇರುವುದು ಕೈಯ ಮೇಲಲ್ಲ, ಕೈಯೇ ಇರಲಿಲ್ಲವೆಂಬ ಆಣೆಯ ಮೇಲೆ. ನಾವು ಈ ಅಧ್ಯಾಯವನ್ನು ಇಷ್ಟು ಕಾಲ ಶಿಲ್ಪಿಯ ನಿಂದೆಯೆಂದು ಬೋಧಿಸಿದ್ದರೆ, ಪ್ರವಾದಿ ಎದುರಿಸಿದ ಪಕ್ಷಕ್ಕೇ ಸೇರಿಕೊಂಡು ಬೋಧಿಸಿದಂತಾಯಿತು. ಈ ಓದನ್ನು ಅಧ್ಯಾಯದ ಒಟ್ಟು ದನಿ ಪೂರ್ತಿಯಾಗಿ ಒಪ್ಪುವುದಿಲ್ಲವೆಂದು ನಮಗೆ ತಿಳಿದಿದೆ. ಪ್ರವಾದಿಗೆ ಆ ಕೆಲಸಗಾರನ ಬಗ್ಗೆ ಮಮತೆಯಿತ್ತೆಂದು ನಾವು ವಾದಿಸುತ್ತಿಲ್ಲ. ಅವನು ನೋಡಿದನು ಎಂದಷ್ಟೇ ನಮ್ಮ ವಾದ.

ಇದೇ ಅಧ್ಯಾಯದ ಗ್ರೀಕ್ ಅನುವಾದದಲ್ಲಿ ಆ ಕೆಲಸಗಾರನಿಗೆ ಬಳಸಿರುವ ಪದ 'ತೆಕ್ತೋನ್'. ಜ್ಞಾನಗ್ರಂಥದ 13ನೆಯ ಅಧ್ಯಾಯದಲ್ಲಿ ಕಾಡಿನ ಮರ ಕಡಿದು ವಿಗ್ರಹ ಮಾಡುವವನೂ ತೆಕ್ತೋನನೇ. ಮಾರ್ಕನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ ನಜರೇತಿನ ಜನ ಯೇಸುವನ್ನು ಹೀಗಳೆಯುತ್ತಾ ಕರೆಯುವುದೂ ತೆಕ್ತೋನ್ ಎಂದೇ. ನಾವು ಅದನ್ನು 'ಬಡಗಿ' ಎಂದು ಅನುವಾದಿಸಿ, ಸಂತ ಜೋಸೆಫರ ಕೊಟ್ಟಿಗೆಯ ಸೌಮ್ಯ ಚಿತ್ರ ಬರೆದು ಮುಂದೆ ಹೋಗುತ್ತೇವೆ. ಗ್ರೀಕ್ ಓದುವ ಒಬ್ಬ ಯೆಹೂದ್ಯನ ಕಿವಿಯಲ್ಲಿ ಆ ಪದ ಅಷ್ಟು ಸೌಮ್ಯವಾಗಿ ಬಿದ್ದಿರಲಾರದು. ಪದವೊಂದು ಎರಡು ಕಡೆ ಬಂದ ಮಾತ್ರಕ್ಕೆ ದೈವಶಾಸ್ತ್ರ ಕಟ್ಟಲಾಗದು, ನಿಜ; ಕಸುಬಿನ ಹೆಸರು ಕಸುಬಿನ ಹೆಸರೇ. ಆದರೂ ಮನುಷ್ಯನಾದ ದೇವರು ರಾಜನ, ಯಾಜಕನ, ಲಿಪಿಕಾರನ ಕಸುಬನ್ನು ಬಿಟ್ಟು, ಪವಿತ್ರ ಗ್ರಂಥ ಅತ್ಯಂತ ಸಂಶಯದಿಂದ ಕಂಡ ಕಸುಬಿನ ಹೆಸರನ್ನು ಹೊತ್ತನೆಂಬುದು ಪ್ರತಿಮೆಗಳ ಪಾಠದಲ್ಲಿ ಎಲ್ಲಿಯಾದರೂ ಬರಬೇಕಲ್ಲವೆ? ವಿಮೋಚನಕಾಂಡದ 31ನೆಯ ಅಧ್ಯಾಯದಲ್ಲಿ ಬೆಚಲೇಲ, ಒಹೊಲೀಯಾಬರ ಹೆಸರನ್ನು ದೇವರೇ ಹೇಳುತ್ತಾರೆ. ಬೆಚಲೇಲನಲ್ಲಿ ದೇವರಾತ್ಮ ತುಂಬುವುದು ಕಲ್ಲು ಕೆತ್ತಲು, ಮರ ಕೊರೆಯಲು. ಗುಡಾರವನ್ನು ಮಾಡಿಸಿದವನು ಮೋಶೆ. ಮಾಡಿದವರ ಹೆಸರೂ ಉಳಿಯಿತು. ಪಟ್ಟದಕಲ್ಲಿನ ಶಾಸನಕ್ಕೆ ನಮ್ಮಲ್ಲಿರುವ ಜೊತೆ ಅದು.

ನಮ್ಮ ನಾಡಿನಲ್ಲಿ ಕ್ರೈಸ್ತ ಗುರುಗಳ ಕಣ್ಣು ಈ ವಿಷಯದಲ್ಲಿ ಹೇಗಿತ್ತೆಂಬುದಕ್ಕೆ ಆಬೆ ದ್ಯುಬುವಾ ಅವರನ್ನು ನೆನೆಯಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದು, ಈ ಸೀಮೆಯಲ್ಲಿ ಸುತ್ತಿ, ಸಿಡುಬಿನ ಚುಚ್ಚುಮದ್ದು ಹಾಕಿಸಿ, 1823ರಲ್ಲಿ ಹಿಂದಿರುಗಿದವರು ಅವರು. ಈ ನಾಡಿನ ನಡೆನುಡಿಗಳನ್ನು ಕುರಿತ ಅವರ ದೊಡ್ಡ ಪುಸ್ತಕದಲ್ಲಿ ಊಟ, ಉಡುಪು, ಮದುವೆ, ಜಾತಿಗಳ ಬಗ್ಗೆ ಇರುವ ತಾಳ್ಮೆಯ ನೋಟ ವಿಗ್ರಹಗಳ ಬಳಿ ಬಂದೊಡನೆ ಜುಗುಪ್ಸೆಯಾಗುತ್ತದೆ. ಕಾಲಧರ್ಮವೆನ್ನಿ. ಅವರನ್ನು ತೂಗುವ ಅಧಿಕಾರ ನಮಗಿದೆಯೇ ಎಂಬ ಸಂಶಯ ಮಾತ್ರ ಕಾಡುತ್ತದೆ.

ಯಾಕೆಂದರೆ ನಾವು ಸಹಾಯಕ ಗುರುಗಳಾಗಿದ್ದ ಹಳೆಯ ಧರ್ಮಕೇಂದ್ರವೊಂದರಲ್ಲಿ ಮರದ ವ್ಯಾಕುಲಮಾತೆಯ ಸ್ವರೂಪವಿತ್ತು. ಹಬ್ಬ ಹತ್ತಿರವಾದಾಗ ಅದರ ಹಳೆಯ ಬಣ್ಣವನ್ನು ಕೆರೆಸಿ ಎನಾಮೆಲ್ ಪೇಂಟ್ ಹೊಡೆಸಿದವರು ನಾವೇ. ಕೆರೆಯುವಾಗ ನೀಲಿಯ ಕೆಳಗೆ ಕೆಂಪು ಬಂತು, ಅದರ ಕೆಳಗೆ ಬಿಳಿಯ ಲೇಪ. ಬೆನ್ನಿನ ಕಡೆ ಮರವನ್ನು ಟೊಳ್ಳು ಮಾಡಿದ್ದರು. ಆ ಟೊಳ್ಳಿನೊಳಗೆ ಉಳಿಯ ಗುರುತುಗಳು ಸಾಲಾಗಿ ಹಾಗೆಯೇ ಇದ್ದವು, ಯಾರೂ ನೋಡುವುದಿಲ್ಲವೆಂದು ಉಜ್ಜದೆ ಬಿಟ್ಟವು. ಮರ ಒಣಗುವಾಗ ಸೀಳದಿರಲೆಂದು ಬಲ್ಲವರು ಹಾಗೆ ಕೊರೆಯುತ್ತಾರೆಂದು ನಮಗೆ ತಿಳಿದದ್ದು ಬಹಳ ವರ್ಷಗಳ ನಂತರ. ಆಗ ಅದನ್ನು ಹುಳ ತಿಂದದ್ದೆಂದು ಭಾವಿಸಿ ಪುಟ್ಟಿ ತುಂಬಿಸಿದೆವು. ಪೀಠದ ಕೆಳಗೆ ಬಣ್ಣದ ವೆಚ್ಚ ಕೊಟ್ಟ ಕುಟುಂಬದ ಹೆಸರಿನ ಅಮೃತಶಿಲೆಯ ಫಲಕ ಬಂತು. ಈಚೆಗೆ ಆ ವರ್ಷದ ಖರ್ಚಿನ ಪುಸ್ತಕ ನೋಡುವ ಅವಕಾಶ ಸಿಕ್ಕಿತು. 'ಪೇಂಟರ್ ಕೂಲಿ' ಎಂದು ಬರೆದು ಮೊತ್ತ ನಮೂದಿಸಲಾಗಿದೆ, ಹೆಸರಿಲ್ಲ. ಕೈಬರಹ ನಮ್ಮದು.

ಎರಡನೆಯ ವ್ಯಾಟಿಕನ್ ಮಹಾಸಭೆಯ ಆರಾಧನಾವಿಧಿಯ ಸಂವಿಧಾನ ಪವಿತ್ರ ಕಲೆಯ ವಸ್ತುಗಳು ಕೈಬಿಟ್ಟುಹೋಗದಂತೆ, ಹಾಳಾಗದಂತೆ ಕಾಯಬೇಕೆಂದು ಧರ್ಮಾಧ್ಯಕ್ಷರಿಗೆ ಆದೇಶಿಸಿದೆ. ಗುರು ಅಭ್ಯರ್ಥಿಗಳು ಆ ಕಲೆಯ ಇತಿಹಾಸವನ್ನು ಓದಬೇಕೆಂದೂ ಹೇಳಿದೆ. ಆ ಓದನ್ನು ನಾವು ಇಟಲಿಯ ವರ್ಣಚಿತ್ರಗಳ ಪುಸ್ತಕದಿಂದ ಆರಂಭಿಸುತ್ತೇವೆ. ನಾಗಮಂಗಲದ ಎರಕದವರ ಕಸುಬಿನಿಂದ ಆರಂಭಿಸಿದರೆ ಏನು ನಷ್ಟ? ಮೇಣದಲ್ಲಿ ರೂಪ ಮಾಡಿ, ಮಣ್ಣು ಮೆತ್ತಿ, ಕಾಯಿಸಿ, ಕರಗಿದ ಮೇಣ ಹೊರಹರಿದ ಜಾಗಕ್ಕೆ ಲೋಹ ಹೊಯ್ಯುವ ಆ ವಿಧಾನವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಹನ್ನೆರಡನೆಯ ಶತಮಾನದಲ್ಲೇ ವಿವರಿಸಿದೆ, ಮೇಣದ ತೂಕಕ್ಕೆ ಲೋಹದ ತೂಕದ ಲೆಕ್ಕದ ಸಮೇತ.

ಪಾಲನಾ ಅನುಭವಕ್ಕೆಂದು ಹಳೆಯ ಧರ್ಮಕೇಂದ್ರಗಳಿಗೆ ಹೋಗುವ ಅಭ್ಯರ್ಥಿಗಳಿಗೆ ಈ ವರ್ಷದಿಂದ ನಾವು ಒಂದು ಕೆಲಸ ವಹಿಸುತ್ತಿದ್ದೇವೆ. ಫೈಬರ್ ಸ್ವರೂಪಗಳು ಬಂದ ಮೇಲೆ ಉಗ್ರಾಣ ಸೇರಿರುವ ಹಳೆಯ ಮರದ ಸ್ವರೂಪಗಳನ್ನು ಹುಡುಕಿ, ಮುಂಭಾಗಕ್ಕಿಂತ ಮೊದಲು ಬೆನ್ನನ್ನು ಮತ್ತು ಪೀಠದ ಅಡಿಯನ್ನು ನೋಡಿ ಬರೆದುಕೊಳ್ಳಬೇಕು: ಯಾವ ಮರ, ಎಷ್ಟು ತುಂಡು, ಎಲ್ಲಿ ಜೋಡಣೆ, ಯಾವ ಉಳಿಯ ಗುರುತು, ಎಷ್ಟು ಪದರ ಬಣ್ಣ. ಮಾಡಿದವರು ಯಾರೆಂದು ಊರಿನ ಹಿರಿಯರಲ್ಲಿ, ಅದರಲ್ಲೂ ಆಚಾರಿಗಳ ಕೇರಿಯಲ್ಲಿ ವಿಚಾರಿಸಬೇಕು. ಏನನ್ನೂ ಕೆರೆಯಬಾರದು, ತೊಳೆಯಬಾರದು. ಹೆಸರು ಸಿಕ್ಕದಿದ್ದರೆ ಆ ಜಾಗವನ್ನು ಖಾಲಿ ಬಿಡಬೇಕು. ದಾನಿಯ ಹೆಸರಿನಿಂದ ಅದನ್ನು ತುಂಬಬಾರದು.